ಅದೂ ನಿಜ, ಇದೂ ನಿಜ

"ನಾಟಕ ಮಾಡ್ಬೇಡ ಕಣೇ."

ಈ ಮಾತನ್ನು ನನ್ನ ತಂಗಿಗೆ ನಾನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಹೇಳುವಾಗ ನನಗೇನೂ ಅನ್ನಿಸುತ್ತಿರಲಿಲ್ಲ. ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದರು, ನಾನೂ ಹೇಳುತ್ತಿದ್ದೆ, ಅಷ್ಟೇ. ಚಿಕ್ಕಂದಿನಿಂದ ಅವಳಿಗೆ 'ಪಟಾಕಿ' ಅಂತ ಅಡ್ಡಹೆಸರು. ಯಾರೋ ಏನೋ ಅಂದರೆ ಸಾಕು, ಬಾಗಿಲು ಹಾಕಿಕೊಂಡು ಗಂಟೆಗಟ್ಟಲೆ ಅಳು. ರಾತ್ರಿ ಊಟ ಬೇಡ. ಬೆಳಿಗ್ಗೆ ನೋಡಿದರೆ ಏನೂ ಆಗದವಳ ಹಾಗೆ ದೋಸೆ ತಿನ್ನುತ್ತಾ ಕೂತಿರುತ್ತಿದ್ದಳು. ನಾಟಕ ಅಲ್ಲದೆ ಇನ್ನೇನು ಅಂತ ನಮ್ಮೆಲ್ಲರ ತೀರ್ಮಾನ.

ಮೂರು ವರ್ಷದ ಹಿಂದೆ ಒಂದು ರಾತ್ರಿ ಅವಳ ಹಾಸ್ಟೆಲ್ ರೂಮ್‌ಮೇಟ್ ಫೋನ್ ಮಾಡಿದಳು. ತಂಗಿ ತನಗೆ ತಾನೇ ಗಾಯ ಮಾಡಿಕೊಂಡಿದ್ದಳು. ಜೀವಕ್ಕೇನೂ ಆಗಲಿಲ್ಲ. ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತಿದ್ದಾಗ ಜೊತೆಗೆ ಬಂದಿದ್ದ ನೆಂಟರೊಬ್ಬರು "ಎಲ್ಲರೂ ನೋಡ್ಲಿ ಅಂತ ಮಾಡ್ಕೊಂಡಿರ್ತಾಳೆ ಬಿಡಪ್ಪ" ಅಂದರು. ಬೇರೆ ದಿನವಾಗಿದ್ದರೆ ನಾನೂ ಹೂಂ ಅನ್ನುತ್ತಿದ್ದೆನೇನೋ. ಅವತ್ತು ಆಗಲಿಲ್ಲ.

ಇದನ್ನೆಲ್ಲ ಬರೆಯಬೇಕೋ ಬೇಡವೋ ಅಂತ ತುಂಬಾ ದಿನ ಯೋಚಿಸಿದೆ. ಕೊನೆಗೆ ಅವಳೇ "ಬರಿ ಅಣ್ಣಾ, ನನ್ನ ಹೆಸರು ಮಾತ್ರ ಹಾಕ್ಬೇಡ" ಅಂದಳು. ಇಲ್ಲಿ ಹಾಕುವ ಮುಂಚೆ ಪೂರ್ತಿ ಓದಿ ಎರಡು ಪ್ಯಾರಾ ಹೊಡೆದೂ ಹಾಕಿದ್ದಾಳೆ :)

ಆಮೇಲೆ ಆದದ್ದು ಇಷ್ಟು. ಮನೋವೈದ್ಯರು ನೋಡಿದರು, ಅವರು ಒಬ್ಬ ಮನಶ್ಶಾಸ್ತ್ರಜ್ಞೆಯ ಹತ್ತಿರ ಕಳಿಸಿದರು, ಅಲ್ಲಿ ವಾರಕ್ಕೊಮ್ಮೆ 'ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ' ಶುರುವಾಯಿತು. ಚಿಕ್ಕದಾಗಿ ಡಿಬಿಟಿ. ಆ ಹೆಸರು ಕೇಳಿದ ಕೂಡಲೇ ಅಪ್ಪ "ಗ್ಯಾಸ್ ಸಬ್ಸಿಡಿ ಬ್ಯಾಂಕಿಗೆ ಬರತ್ತಲ್ಲ, ಅದಾ?" ಅಂದರು. ಅಲ್ಲ. ಆದರೆ ನಮ್ಮ ಮನೆಯ ಖಾತೆಗೆ ಇದರಿಂದ ಏನು ಜಮಾ ಆಯಿತು ಅನ್ನುವುದನ್ನು ಹೇಳಲಿಕ್ಕೇ ಈ ಬರಹ.

ಈ ಚಿಕಿತ್ಸೆಯನ್ನು ಕಟ್ಟಿದವರು ಮಾರ್ಷಾ ಲೈನೆಹನ್. ಅಮೆರಿಕದ ಸಿಯಾಟಲ್‌ನಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕಿಯಾಗಿದ್ದವರು. ಅವರು ಕೈಗೆತ್ತಿಕೊಂಡದ್ದು ಬಹಳ ಜನ ಚಿಕಿತ್ಸಕರು ಹತ್ತಿರ ಹೋಗಲು ಹೆದರುತ್ತಿದ್ದ ರೋಗಿಗಳನ್ನು. ಪದೇಪದೇ ಸಾಯಲು ಯತ್ನಿಸಿದ, ತಮಗೆ ತಾವೇ ಗಾಯ ಮಾಡಿಕೊಳ್ಳುತ್ತಿದ್ದ ಹೆಂಗಸರು. ಅವರಲ್ಲಿ ಬಹಳ ಜನಕ್ಕೆ 'ಬಾರ್ಡರ್‌ಲೈನ್ ಪರ್ಸನಾಲಿಟಿ ಡಿಸಾರ್ಡರ್' ಅನ್ನುವ ಹಣೆಪಟ್ಟಿ ಬಿದ್ದಿತ್ತು.

ಮೊದಲು ಲೈನೆಹನ್ ಆಗ ಚಾಲ್ತಿಯಲ್ಲಿದ್ದ ವರ್ತನಾ ಚಿಕಿತ್ಸೆಯನ್ನೇ ಪ್ರಯೋಗಿಸಿದರು. ಇದನ್ನು ಬದಲಾಯಿಸಿಕೋ, ಅದನ್ನು ಬದಲಾಯಿಸಿಕೋ ಅನ್ನುವ ದಾರಿ. ರೋಗಿಗಳು ಸಿಡಿದೆದ್ದರು. ಹಾಗಾದರೆ ತಪ್ಪೆಲ್ಲ ನಂದೇನಾ, ನನ್ನ ನೋವು ನಿಮಗೆ ಕಾಣಿಸೋದೇ ಇಲ್ವಾ ಅಂತ. ಸರಿ, ಅದನ್ನು ಬಿಟ್ಟು ಬರೀ ಒಪ್ಪಿಕೊಳ್ಳುವ, ಸಮಾಧಾನದಿಂದ ಕೇಳಿಸಿಕೊಳ್ಳುವ ದಾರಿ ಹಿಡಿದರು. ಅದೂ ಕೆಲಸ ಮಾಡಲಿಲ್ಲ. ಹಾಗಾದರೆ ನನ್ನ ಈ ನರಕ ಹೀಗೇ ಇರತ್ತಾ, ಇದಕ್ಕೇನೂ ಮಾಡಲ್ವಾ ಅಂತ ಅವರು ಇನ್ನಷ್ಟು ಕುಸಿದರು. ಒಂದೊಂದೇ ಆದರೆ ಎರಡೂ ಸೋಲುತ್ತಿದ್ದವು. ಆಗ ಎರಡನ್ನೂ ಒಟ್ಟಿಗೆ ಹಿಡಿದರು. ನೀನು ಇರುವ ಹಾಗೆಯೇ ನಿನ್ನನ್ನು ಒಪ್ಪಿಕೊಳ್ಳುತ್ತೇನೆ, ನೀನು ಬದಲಾಗಲೇಬೇಕು ಅಂತಲೂ ಹೇಳುತ್ತೇನೆ. ಡಿಬಿಟಿಯ ಬೇರು ಇಷ್ಟೇ.

1991ರಲ್ಲಿ ಇದರ ಮೊದಲ ದೊಡ್ಡ ಪರೀಕ್ಷೆಯ ಫಲಿತಾಂಶ ಬಂತು. ಒಂದು ವರ್ಷದ ಈ ಚಿಕಿತ್ಸೆ ಪಡೆದವರು ಮಾಮೂಲಿ ಚಿಕಿತ್ಸೆಯವರಿಗಿಂತ ಕಡಿಮೆ ಸಲ ಗಾಯ ಮಾಡಿಕೊಂಡಿದ್ದರು, ಆಸ್ಪತ್ರೆಯಲ್ಲಿ ಕಡಿಮೆ ದಿನ ಕಳೆದಿದ್ದರು. 1993ರಲ್ಲಿ ಕೈಪಿಡಿ ಬಂತು. 'ಒಳ್ಳೆ ಥೆರಪಿಸ್ಟ್ ಸಿಕ್ಕಿದರೆ ಯಾವ ಚಿಕಿತ್ಸೆಯಾದರೂ ಸರಿಹೋಗತ್ತೆ ಬಿಡಿ' ಅನ್ನುವ ಅನುಮಾನ ಬರುತ್ತದಲ್ಲ, ಅದಕ್ಕೆ 2006ರ ಇನ್ನೊಂದು ಅಧ್ಯಯನ ಉತ್ತರ ಕೊಟ್ಟಿತು. 101 ಹೆಂಗಸರಲ್ಲಿ ಒಂದು ಗುಂಪಿಗೆ ಡಿಬಿಟಿ, ಇನ್ನೊಂದಕ್ಕೆ ಇಂಥ ರೋಗಿಗಳನ್ನು ನೋಡುವುದರಲ್ಲಿ ಹೆಸರು ಮಾಡಿದ್ದ ಬೇರೆ ತಜ್ಞರ ಚಿಕಿತ್ಸೆ. ಎರಡು ವರ್ಷಗಳಲ್ಲಿ ಡಿಬಿಟಿ ಗುಂಪಿನಲ್ಲಿ ಆತ್ಮಹತ್ಯೆಗೆ ಯತ್ನಿಸಿದವರ ಪ್ರಮಾಣ ಇನ್ನೊಂದು ಗುಂಪಿನ ಅರ್ಧದಷ್ಟಿತ್ತು.

ಅಂದ ಹಾಗೆ, ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಅಂಕಿಗಳಲ್ಲ. 2011ರ ಜೂನ್‌ನಲ್ಲಿ ಲೈನೆಹನ್ ಹಾರ್ಟ್‌ಫರ್ಡ್ ಎಂಬ ಊರಿನ 'ಇನ್‌ಸ್ಟಿಟ್ಯೂಟ್ ಆಫ್ ಲಿವಿಂಗ್' ಆಸ್ಪತ್ರೆಯಲ್ಲಿ ಭಾಷಣಕ್ಕೆ ನಿಂತರು. ಅಲ್ಲಿಯವರೆಗೆ ಸಾರ್ವಜನಿಕವಾಗಿ ಹೇಳದ ವಿಷಯವನ್ನು ಅವತ್ತು ಹೇಳಿದರು. 1961ರಲ್ಲಿ, 17ನೇ ವಯಸ್ಸಿನಲ್ಲಿ, ಅವರೇ ಆ ಆಸ್ಪತ್ರೆಯಲ್ಲಿ ರೋಗಿಯಾಗಿದ್ದರು. ತಮಗೆ ತಾವೇ ಗಾಯ ಮಾಡಿಕೊಳ್ಳುತ್ತಿದ್ದರು. ಒಬ್ಬರೇ ಇರುವ ಕೋಣೆಯಲ್ಲಿ ಕೂಡಿಹಾಕಿದ್ದರು, ಶಾಕ್ ಕೊಟ್ಟಿದ್ದರು. 26 ತಿಂಗಳು ಅಲ್ಲಿದ್ದು 1963ರಲ್ಲಿ ಹೊರಬಂದರು. ನಾನು ಈ ನರಕದಿಂದ ಹೊರಗೆ ಬರುತ್ತೇನೆ, ಬಂದಮೇಲೆ ವಾಪಸ್ ಹೋಗಿ ಉಳಿದವರನ್ನೂ ಕರೆತರುತ್ತೇನೆ ಅಂತ ಹರಕೆ ಹೊತ್ತಿದ್ದರಂತೆ. 2020ರಲ್ಲಿ ಬಂದ ಆತ್ಮಕಥೆಯಲ್ಲಿ ಇದನ್ನೆಲ್ಲ ಬರೆದಿದ್ದಾರೆ. ತಂಗಿ ಇದನ್ನು ಓದಿದ ದಿನ ತುಂಬಾ ಹೊತ್ತು ಸುಮ್ಮನಿದ್ದಳು. ಆಮೇಲೆ "ಈಯಮ್ಮನಿಗೂ ಯಾರೋ ನಾಟಕ ಅಂದಿರ್ತಾರೆ" ಅಂದಳು. ನಾನು ಏನು ಹೇಳಲಿ...

ಈಗ ನನ್ನ ವಾದಕ್ಕೆ ಬರುತ್ತೇನೆ. ಮನಸ್ಸು ಉಕ್ಕಿ ಬಂದಾಗ ಅದನ್ನು ಸಂಭಾಳಿಸುವುದು ಈಜು, ಸೈಕಲ್ ಇದ್ದ ಹಾಗೆ, ಕಲಿಯಬೇಕಾದ ವಿದ್ಯೆ. ನಾವು ಮಾತ್ರ ಅದನ್ನು ಗುಣ ಅಂತ ತಿಳಿದಿದ್ದೇವೆ. ಬಂದವರು ಒಳ್ಳೆಯವರು, ಬಾರದವರು ನಾಟಕದವರು. ಈಜು ಬಾರದವಳು ನೀರಲ್ಲಿ ಕೈಕಾಲು ಬಡಿದರೆ ದಡದಲ್ಲಿ ನಿಂತು "ಯಾಕೆ ಹಾಗೆ ಆಡ್ತೀಯಾ" ಅಂತ ಬೈದವರು ನಾವು.

ಲೈನೆಹನ್ ಹೇಳುವುದು ಹೀಗೆ. ಕೆಲವರು ಹುಟ್ಟಿನಿಂದಲೇ ಭಾವನೆಯ ವಿಷಯದಲ್ಲಿ ಸೂಕ್ಷ್ಮ. ಬೇಗ ತಟ್ಟುತ್ತದೆ, ಜೋರಾಗಿ ತಟ್ಟುತ್ತದೆ, ಇಳಿಯಲು ತುಂಬಾ ಹೊತ್ತು ಬೇಕು. ಮೈಯೆಲ್ಲ ಸುಟ್ಟು ಚರ್ಮ ಹೋದವರಿಗೆ ಸುಮ್ಮನೆ ಕೈ ತಾಗಿದರೂ ಉರಿಯುವಂತೆ. ಅಷ್ಟೇ ಆಗಿದ್ದರೆ ನಡೆದೀತು. ಸುತ್ತಲಿನವರು ದಿನವೂ "ಇಷ್ಟಕ್ಕೆಲ್ಲ ಯಾರಾದ್ರೂ ಅಳ್ತಾರಾ" ಅನ್ನುತ್ತಿದ್ದರೆ ಆ ಮಗು ಎರಡು ಪಾಠ ಕಲಿಯುತ್ತದೆ. ಒಂದು, ನನಗೆ ಅನ್ನಿಸುವುದೆಲ್ಲ ತಪ್ಪು. ಎರಡು, ಸಣ್ಣ ದನಿಯಲ್ಲಿ ಹೇಳಿದರೆ ಯಾರೂ ಕೇಳುವುದಿಲ್ಲ, ಕಿರುಚಬೇಕು. ಸೂಕ್ಷ್ಮ ಸ್ವಭಾವ ಒಂದು, ಅದನ್ನು ಅಲ್ಲಗಳೆಯುವ ಮನೆ ಇನ್ನೊಂದು. ಎರಡೂ ಒಂದನ್ನೊಂದು ತಿರುವಿ ಹಾಕುತ್ತಾ ಬೆಳೆಯುತ್ತವೆ. ನಮ್ಮ ಮನೆಯಲ್ಲಿ ಕೆಟ್ಟವರು ಯಾರೂ ಇಲ್ಲ. ಅಮ್ಮ ಅವಳಿಗೋಸ್ಕರ ಮಾಡದ ವ್ರತವಿಲ್ಲ. ಆದರೂ ಹೀಗಾಯಿತು.

ಹಾಗಾದರೆ ಡಿಬಿಟಿಯಲ್ಲಿ ಕಲಿಸುವುದೇನು? ನಾಲ್ಕು ಪಾಠಗಳು. ಈ ಕ್ಷಣದಲ್ಲಿ ಏನು ನಡೆಯುತ್ತಿದೆಯೋ ಅದನ್ನು ತೀರ್ಪು ಕೊಡದೆ ಗಮನಿಸುವುದು. ಸಂಕಟ ಬಂದಾಗ ಅದನ್ನು ಇನ್ನಷ್ಟು ಹಾಳು ಮಾಡಿಕೊಳ್ಳದೆ ದಾಟುವುದು. ಭಾವನೆಯ ಹದ ಹಿಡಿಯುವುದು. ಸಂಬಂಧವನ್ನೂ ಮರ್ಯಾದೆಯನ್ನೂ ಕಳೆದುಕೊಳ್ಳದೆ ಬೇಕಾದ್ದನ್ನು ಕೇಳುವುದು, ಬೇಡದ್ದಕ್ಕೆ ಬೇಡ ಅನ್ನುವುದು. ಪೂರ್ಣ ರೂಪದ ಚಿಕಿತ್ಸೆಯಲ್ಲಿ ಒಬ್ಬೊಬ್ಬರ ಜೊತೆ ಪ್ರತ್ಯೇಕ ಮಾತುಕತೆ, ಗುಂಪಿನಲ್ಲಿ ಕ್ಲಾಸು, ಹೋಮ್‌ವರ್ಕು, ಕಷ್ಟದ ಹೊತ್ತಿನಲ್ಲಿ ಚಿಕಿತ್ಸಕರಿಗೆ ಫೋನ್ ಮಾಡಿ ಕೇಳುವ ಅವಕಾಶ, ಚಿಕಿತ್ಸಕರು ತಮ್ಮತಮ್ಮಲ್ಲೇ ಸೇರಿ ಚರ್ಚಿಸುವ ಸಭೆ ಎಲ್ಲ ಇರುತ್ತದೆ. ಇಡೀ ಪಾಠಕ್ಕೆ ಸುಮಾರು 24 ವಾರ, ಅನೇಕರಿಗೆ ಅದನ್ನೇ ಇನ್ನೊಂದು ಸುತ್ತು.

ಒಂದು ಉದಾಹರಣೆ. ಸಿಟ್ಟೋ ಸಂಕಟವೋ ತಲೆಗೇರಿದಾಗ ಯಾವ ಬುದ್ಧಿಮಾತೂ ಒಳಗೆ ಇಳಿಯುವುದಿಲ್ಲ. ಆಗ ದೇಹದ ಕಡೆಯಿಂದ ಹೋಗಬೇಕು. ತಣ್ಣೀರಿನ ಬೇಸಿನ್ನಿಗೆ ಬಗ್ಗಿ, ಉಸಿರು ಹಿಡಿದು, ಅರ್ಧ ನಿಮಿಷದೊಳಗೆ ಮುಖ ಮುಳುಗಿಸಿ ತೆಗೆಯುವುದು. ನೀರಲ್ಲಿ ಮುಳುಗಿದಾಗ ಹೃದಯದ ಬಡಿತ ತಾನಾಗೇ ನಿಧಾನವಾಗುವ ಒಂದು ವ್ಯವಸ್ಥೆ ನಮ್ಮ ದೇಹದಲ್ಲಿದೆ, ಅದನ್ನು ಬೇಕೆಂದೇ ಎಬ್ಬಿಸುವ ಉಪಾಯ ಇದು. ಹೃದಯದ ತೊಂದರೆ ಇದ್ದವರು ಡಾಕ್ಟರನ್ನು ಕೇಳದೆ ಮಾಡಬಾರದು. ಊರಿಂದ ಬಂದಿದ್ದ ಅಮ್ಮ ಒಂದು ರಾತ್ರಿ ಅಡುಗೆಮನೆಯಲ್ಲಿ ಮಗಳು ಐಸ್ ನೀರಿಗೆ ಮುಖ ಇಟ್ಟಿದ್ದನ್ನು ನೋಡಿ "ಇದೇನೇ ಇದು, ನೆಗಡಿ ಆಗತ್ತೆ!" ಅಂತ ಕೂಗಿಕೊಂಡರು. ನೆಗಡಿ ಆಗಲಿಲ್ಲ. ಆವತ್ತು ಬೇರೆ ಏನೂ ಆಗಲಿಲ್ಲ. ಆ 'ಏನೂ ಆಗಲಿಲ್ಲ'ದ ಬೆಲೆ ಏನು ಅಂತ ನಮ್ಮ ಮನೆಯವರಿಗೆ ಗೊತ್ತು.

ಇನ್ನೊಂದು ವಿಷಯ, ಕನ್ನಡದಲ್ಲಿ ಬರೆಯುವವರಾದ ನಿಮಗೆ ಹಿಡಿಸಬಹುದು. ದಿನವೂ ಯಾವ ಭಾವನೆ ಎಷ್ಟಿತ್ತು ಅಂತ ಒಂದು ಕಾರ್ಡಿನಲ್ಲಿ ಬರೆಯಬೇಕು. ತಂಗಿಯ ಮೊದಲ ವಾರದ ಕಾರ್ಡಿನಲ್ಲಿ ಏಳು ದಿನವೂ ಒಂದೇ ಪದ: ಬೇಜಾರು. ಕೆಲಸವಿಲ್ಲದಿದ್ದರೂ ಬೇಜಾರು, ಯಾರಾದರೂ ಸತ್ತರೂ ಬೇಜಾರು, ಗೆಳತಿ ಮಾತಾಡಿಸದಿದ್ದರೂ ಬೇಜಾರು. ಹೆಸರು ಸರಿಯಾಗಿ ಗೊತ್ತಿಲ್ಲದೆ ಮದ್ದು ಹುಡುಕುವುದು ಹೇಗೆ? ನಾವಿಬ್ಬರೂ ಒಂದು ಭಾನುವಾರ ಕೂತು ಪಟ್ಟಿ ಮಾಡಿದೆವು. ಸಿಟ್ಟು, ಮುನಿಸು, ಸಿಡುಕು, ರೋಷ, ಅಸಮಾಧಾನ. ಸಂಕಟ, ಕಳವಳ, ತಳಮಳ, ದಿಗಿಲು, ಅಂಜಿಕೆ. ನಾಚಿಕೆ, ಅವಮಾನ, ಪಶ್ಚಾತ್ತಾಪ. ಪದಗಳಿಗೇನು ಬರವಿಲ್ಲ, ಬಳಸುವುದನ್ನು ಬಿಟ್ಟಿದ್ದೇವೆ ಅಷ್ಟೇ. ಎರಡು ತಿಂಗಳಾದ ಮೇಲೆ ಅವಳ ಕಾರ್ಡಿನಲ್ಲಿ "ಬೆಳಿಗ್ಗೆ ದಿಗಿಲು, ಮಧ್ಯಾಹ್ನ ಮುನಿಸು, ರಾತ್ರಿ ನಾಚಿಕೆ" ಅಂತ ಇತ್ತು. ಓದಿ ನನ್ನ ಕಣ್ಣು ತುಂಬಿತು, ಸುಳ್ಳು ಹೇಳುವುದಿಲ್ಲ.

'ಡಯಲೆಕ್ಟಿಕಲ್' ಅನ್ನುವುದಕ್ಕೆ ನಮ್ಮ ಎಡಪಂಥೀಯರು 'ಗತಿತಾರ್ಕಿಕ' ಅಂತ ಬಹಳ ಹಿಂದೆಯೇ ಪದ ಮಾಡಿಟ್ಟಿದ್ದಾರೆ. ಅದನ್ನು ಅಮ್ಮನ ಮುಂದೆ ಹೇಳಿದರೆ ಓಡಿಹೋಗುತ್ತಾರೆ. ಥೆರಪಿಯಲ್ಲಿ ಒಂದು ಅಭ್ಯಾಸ ಇದೆ: ಮಾತಿನಲ್ಲಿ 'ಬಟ್' ಬರುವ ಕಡೆ 'ಆ್ಯಂಡ್' ಹಾಕಿ ನೋಡು ಅಂತ. 'ನಿನಗೆ ನೋವಾಗಿದೆ, ಆದರೆ ನೀನು ಮಾಡಿದ್ದು ತಪ್ಪು' ಅಂದರೆ 'ಆದರೆ'ಗಿಂತ ಮುಂಚಿನದೆಲ್ಲ ಗಾಳಿಗೆ ಹೋಯಿತು. ಅಲ್ಲಿ 'ಮತ್ತು' ಹಾಕಿದರೆ ಕನ್ನಡ ಕನ್ನಡದ ಹಾಗೆ ಕೇಳಿಸುವುದಿಲ್ಲ. ತಂಗಿಯೇ ದಾರಿ ಕಂಡುಹಿಡಿದಳು. "ನಮ್ಮಲ್ಲಿ ಊ ಇದೆಯಲ್ಲ ಅಣ್ಣಾ!" ನಿನಗೆ ನೋವಾಗಿರೋದೂ ನಿಜ, ನೀನು ಮಾಡಿದ್ದು ಸರಿ ಇಲ್ಲದೇ ಇರೋದೂ ನಿಜ. ಇಡೀ ಡಿಬಿಟಿ ನಮ್ಮ ಆ ಒಂದು 'ಊ'ನಲ್ಲಿ ಕೂತಿದೆ ಅಂತ ನನಗನ್ನಿಸಿತು.

ಮನೆಯವರಿಗೂ ಇದರಲ್ಲಿ ಪಾಠ ಇದೆ. ಒಂದು ದಿನ ನನ್ನನ್ನೂ ಕರೆಸಿದ್ದರು. ಅವಳು ಅತ್ತಾಗ ನೀವು ಏನು ಹೇಳ್ತೀರಿ ಅಂತ ಆ ಮೇಡಂ ಕೇಳಿದರು. ಇದ್ದದ್ದನ್ನು ಹೇಳಿದೆ. ಬೈಯುತ್ತಾರೇನೋ ಅಂದುಕೊಂಡಿದ್ದೆ. "ನಿಮಗೆ ಭಯ ಆಗ್ತಿತ್ತು ಅನ್ಸುತ್ತೆ, ಏನ್ ಮಾಡ್ಬೇಕು ಅಂತ ಗೊತ್ತಾಗದೆ ಹಾಗೆ ಹೇಳ್ತಿದ್ರಿ" ಅಂದರು. ಎರಡು ಕ್ಷಣ ಗಂಟಲು ಕಟ್ಟಿತು. ಆಮೇಲೆ ಹೊಳೆಯಿತು, ಅವರು ನನ್ನ ಮೇಲೇ ಪಾಠ ಪ್ರಯೋಗಿಸಿದ್ದರು! ನಾನು ಮಾಡಿದ್ದನ್ನು ಅವರು ಸರಿ ಅನ್ನಲಿಲ್ಲ. ಯಾಕೆ ಮಾಡಿದೆ ಅನ್ನುವುದು ಅರ್ಥವಾಗುತ್ತದೆ ಅಂದರು, ಅಷ್ಟೇ. ಇನ್ನೊಬ್ಬರ ಭಾವನೆಯನ್ನು ಮನ್ನಿಸುವುದು ಬೇರೆ, ಅವರು ಮಾಡಿದ್ದಕ್ಕೆಲ್ಲ ತಲೆಯಾಡಿಸುವುದು ಬೇರೆ. ನನ್ನ ಬುದ್ಧಿಗೆ ಅದು ಹೊಕ್ಕಿದ್ದು ಅವತ್ತು.

ನನ್ನ ಕೆಲಸದಿಂದ ಒಂದು ಹೋಲಿಕೆ ಕೊಡುತ್ತೇನೆ. ರಾತ್ರಿ ಎರಡು ಗಂಟೆಗೆ ಸರ್ವರ್ ಬಿದ್ದರೆ ಮಾರನೇ ದಿನ ನಾವು ಪೋಸ್ಟ್‌ಮಾರ್ಟಮ್ ಬರೆಯುತ್ತೇವೆ. ಯಾವ ದಡ್ಡ ಮಾಡಿದ್ದು ಅಂತ ಯಾರೂ ಕೇಳುವ ಹಾಗಿಲ್ಲ. ಎಷ್ಟು ಗಂಟೆಗೆ ಏನಾಯಿತು, ಅದರ ಹಿಂದೆ ಏನಿತ್ತು, ಎಲ್ಲಿ ತಡೆಯಬಹುದಿತ್ತು ಅಂತ ಕೊಂಡಿ ಕೊಂಡಿಯಾಗಿ ಬಿಡಿಸುತ್ತೇವೆ. ಡಿಬಿಟಿಯಲ್ಲೂ ಇದೇ ಇದೆ, 'ಚೈನ್ ಅನಾಲಿಸಿಸ್' ಅಂತ. ತಂಗಿ ಒಂದು ಸಲ ಫೋನನ್ನು ಗೋಡೆಗೆ ಎಸೆದಿದ್ದಳು. ಬಿಡಿಸುತ್ತಾ ಹೋದರೆ: ಎರಡು ರಾತ್ರಿ ನಿದ್ದೆ ಇಲ್ಲ. ಮಧ್ಯಾಹ್ನ ಊಟ ಬಿಟ್ಟಿದ್ದಳು. ಗೆಳತಿಗೆ ಕಳಿಸಿದ ಮೆಸೇಜಿಗೆ ನೀಲಿ ಗೆರೆ ಬಂತು, ಉತ್ತರ ಬರಲಿಲ್ಲ. 'ನಾನು ಯಾರಿಗೂ ಬೇಡ' ಅನ್ನುವ ಯೋಚನೆ. ಎದೆ ಬಿಗಿತ. ಅದೇ ಹೊತ್ತಿಗೆ ನಾನು "ಮತ್ತೆ ಶುರುವಾಯ್ತಾ" ಅಂದಿದ್ದೆ. ಒಂದೊಂದು ಕೊಂಡಿಯೂ ಕೈ ಹಾಕಿ ಕಳಚಬಹುದಾದ ಜಾಗ. ಅದರಲ್ಲಿ ಒಂದು ಕೊಂಡಿ ನಾನೇ. ಆಫೀಸಿನಲ್ಲಿ ಯಂತ್ರಕ್ಕೆ ಕೊಡುವ ಈ ಮರ್ಯಾದೆಯನ್ನು ಮನೆಯ ಮನುಷ್ಯರಿಗೆ ಕೊಡುತ್ತಿರಲಿಲ್ಲ ನಾನು. ಮನೆಯಲ್ಲಿ "ಯಾಕೆ ಹಿಂಗ್ ಮಾಡ್ದೆ?" ಅಂತ ಕೇಳುತ್ತೇವಲ್ಲ, ಅದು ಪ್ರಶ್ನೆಯೇ ಅಲ್ಲ. ಬೈಗುಳ.

ಇಷ್ಟು ಹೇಳಿದರೆ ನಮ್ಮ ಮಾವ ಒಬ್ಬರು "ಇದೆಲ್ಲ ನಮ್ಮ ಗೀತೆಯಲ್ಲೇ ಇದೆ ಕಣೋ" ಅಂದರು. ಲೈನೆಹನ್ ಝೆನ್ ಅಭ್ಯಾಸ ಮಾಡಿದವರು, ಈ ಕ್ಷಣವನ್ನು ಗಮನಿಸುವ ಪಾಠ ಬಂದದ್ದು ಅಲ್ಲಿಂದಲೇ. 'ಝೆನ್' ಅನ್ನುವ ಪದವೂ ನಮ್ಮ 'ಧ್ಯಾನ' ಚೀನಾಕ್ಕೆ ಹೋಗಿ 'ಚಾನ್' ಆಗಿ, ಜಪಾನಿಗೆ ಹೋಗಿ ಆದದ್ದು. ಹಾಗಾಗಿ ಮಾವ ಹೇಳಿದ್ದೂ ನಿಜ. ಆದರೆ ಬಾಗಿಲು ಹಾಕಿಕೊಂಡು ಅಳುತ್ತಿದ್ದ ಹುಡುಗಿಗೆ ನಮ್ಮಲ್ಲಿ ಯಾರೂ ಅದನ್ನು ಮಂಗಳವಾರದ ಕ್ಲಾಸಾಗಿ, ಹೋಮ್‌ವರ್ಕ್ ಸಮೇತ ಕಲಿಸಲಿಲ್ಲ ಅನ್ನುವುದೂ ನಿಜ. ಅಟ್ಟದ ಮೇಲೆ ಹಗ್ಗ ಇದೆ ಅಂತ ಗೊತ್ತಿದ್ದರೆ ಬಾವಿಯಲ್ಲಿದ್ದವಳು ಮೇಲೆ ಬರುತ್ತಾಳಾ?

ಇದು ಸಂಜೀವಿನಿ ಅಂತ ನಾನು ಹೇಳುತ್ತಿಲ್ಲ. ದುಡ್ಡು ಬೇಕು, ಟೈಮ್ ಬೇಕು, ತರಬೇತಾದವರು ಬೇಕು. ನಮಗೆ ಬೆಂಗಳೂರಿನಲ್ಲಿ ಸಿಕ್ಕಿದರು. ಪುಸ್ತಕ, ಹಾಳೆ ಎಲ್ಲ ಇಂಗ್ಲಿಷಿನಲ್ಲಿ. ಅಳು ಬರುವುದು ಕನ್ನಡದಲ್ಲಿ, ಹೋಮ್‌ವರ್ಕ್ ಇಂಗ್ಲಿಷಿನಲ್ಲಿ ಅಂದರೆ ಹೇಗೆ? ನಾನೂ ಅವಳೂ ಸೇರಿ ಎಷ್ಟೋ ಹಾಳೆಗಳನ್ನು ನಮಗೋಸ್ಕರ ಕನ್ನಡಕ್ಕೆ ತಂದುಕೊಂಡೆವು. ಇನ್ನೊಂದು ಅಪಾಯವೂ ಇದೆ. 'ಒಪ್ಪಿಕೋ' ಅನ್ನುವ ಪಾಠವನ್ನು ಅನುಕೂಲಸ್ಥರು ತಮಗೆ ಬೇಕಾದ ಹಾಗೆ ತಿರುಗಿಸಬಹುದು. ಹೊಡೆಯುವ ಗಂಡನ ಜೊತೆ, ಹೀಯಾಳಿಸುವ ಬಾಸ್ ಜೊತೆ ಸುಧಾರಿಸಿಕೊಂಡು ಹೋಗು ಅಂತ ಡಿಬಿಟಿ ಹೇಳುವುದಿಲ್ಲ. ಮಳೆ ಬರುತ್ತಿದೆ ಅಂತ ಒಪ್ಪಿಕೊಂಡವನೇ ಕೊಡೆ ಬಿಚ್ಚುವುದು. ಇರುವುದನ್ನು ಇದೆ ಅಂತ ಒಪ್ಪುವುದು ಅದನ್ನು ಬದಲಾಯಿಸುವುದರ ಮೊದಲ ಹೆಜ್ಜೆ.

ತಂಗಿ ಈಗ ಕೆಲಸಕ್ಕೆ ಹೋಗುತ್ತಾಳೆ. ಪೂರ್ತಿ ವಾಸಿಯಾಯಿತಾ ಅಂತ ಕೇಳಬೇಡಿ. ಪಟಾಕಿ ಈಗಲೂ ಹೊತ್ತಿಕೊಳ್ಳುತ್ತದೆ, ಆದರೆ ಬತ್ತಿ ಉದ್ದವಾಗಿದೆ. ಅಷ್ಟರಲ್ಲಿ ಅವಳಿಗೆ ಏನಾದರೂ ಮಾಡಲು ಟೈಮ್ ಸಿಗುತ್ತದೆ. ನನಗೂ. ಹೋದ ವಾರ ಏನೋ ಸಣ್ಣ ವಿಷಯಕ್ಕೆ ಅಳುತ್ತಾ ರೂಮಿಗೆ ಹೋದಳು. ಹಳೇ ಮಾತು ನನ್ನ ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡು ಬಾಗಿಲ ಹೊರಗೆ ನಿಂತು "ತುಂಬಾ ನೋವಾಯ್ತಾ? ನಾನು ಹೊರಗೇ ಕೂತಿರ್ತೀನಿ" ಅಂದೆ. ಹತ್ತು ನಿಮಿಷಕ್ಕೆ ಬಾಗಿಲು ತೆರೆಯಿತು. ಮೊದಲೆಲ್ಲ ಗಂಟೆಗಳಾಗುತ್ತಿತ್ತು.

ನಿಮ್ಮ ಮನೆಯಲ್ಲೂ ಒಬ್ಬ ಪಟಾಕಿ ಇರಬಹುದು. ನೀವೇ ಆಗಿರಬಹುದು. ಯಾರಾದರೂ ಸಾಯುವ ಮಾತಾಡಿದರೆ ನಾಟಕ ಅನ್ನದೆ ಕೇಳಿಸಿಕೊಳ್ಳಿ, ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ನಿಮ್ಹಾನ್ಸ್ ಮುಖ್ಯ ಕೇಂದ್ರವಾಗಿ 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಸಹಾಯವಾಣಿ ಇದೆ, 14416. ದುಡ್ಡಿಲ್ಲ, ದಿನದ 24 ಗಂಟೆ, ಕನ್ನಡದಲ್ಲೇ ಮಾತಾಡಬಹುದು.

ಅವಳಿಗೆ ಇನ್ನೊಂದು ಸಲ ಓದಲು ಕೊಟ್ಟೆ. "ಕೊನೇಲಿ ಒಂದು ಸೇರಿಸು ಅಣ್ಣಾ" ಅಂದಳು. ಏನು ಅಂದೆ.

"ನೀನು ಅವತ್ತು ಹಾಗೆ ಹೇಳಿದ್ದೂ ನಿಜ, ಆಸ್ಪತ್ರೇಲಿ ರಾತ್ರಿಯೆಲ್ಲ ಕೂತಿದ್ದೂ ನಿಜ."

ಸೇರಿಸಿದ್ದೇನೆ.